ಮುಯ್ಯಾಳಿನ ಲೆಕ್ಕದಲ್ಲಿ ನಡೆಯುವ ಪತ್ರಿಕೆ

ಪ್ರಶ್ನೆ: 2011ರಲ್ಲಿ ಧಾರವಾಡದಲ್ಲಿ ಕವಿತೆ ಬರೆಯುವವರು, ಚಿತ್ರಕಾರರು, ಛಾಯಾಗ್ರಾಹಕರು, ನಾಟಕದವರು ಸೇರಿ ಒಂದು ಬಳಗ ಕಟ್ಟಿಕೊಂಡಿದ್ದೆವು. ರವಿವಾರ ಬೆಳಿಗ್ಗೆ ಕರ್ನಾಟಕ ಕಾಲೇಜಿನ ಆವರಣದಲ್ಲಿ ಮರದ ಕೆಳಗೆ ಕೂಡುತ್ತಿದ್ದೆವು. ಯಾರು ಏನು ಓದಿದರು, ಏನು ತೋರಿಸಿದರು ಎಂಬುದನ್ನು ಒಂದು ವಹಿಯಲ್ಲಿ ಬರೆದಿಡುತ್ತಿದ್ದೆವು. ಒಂದು ಕಾಲಕ್ಕೆ ಅರವತ್ತು ಜನರಿದ್ದೆವು. ಕೋವಿಡ್ ಬಂದ ಮೇಲೆ ಕೂಟ ನಿಂತಿತು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಈಗ ಶುಭೋದಯದ ಚಿತ್ರಗಳು ಮಾತ್ರ ಬರುತ್ತವೆ. ಹನ್ನೊಂದು ಜನ ಸೇರಿ ಬಳಗವನ್ನು ಜಾಲಪತ್ರಿಕೆಯ ರೂಪದಲ್ಲಿ ಮತ್ತೆ ಆರಂಭಿಸಬೇಕೆಂದಿದ್ದೇವೆ. ಬರೆಯುವವರೇ ನಡೆಸುವ ಪತ್ರಿಕೆ. ಪ್ರತ್ಯೇಕ ಸಂಪಾದಕರಿಲ್ಲ, ಎಲ್ಲರೂ ಸಂಪಾದಕರೇ. ಹಳೆಯ ಬರೆಹ, ಚಿತ್ರಗಳನ್ನೂ ಹಾಕುವ ಆಸೆಯಿದೆ. ಇದು ಬಾಳುತ್ತದೆಯೇ? ಎಲ್ಲಿಂದ ಆರಂಭಿಸಬೇಕು? ನೋಂದಣಿ ಬೇಕೇ?
(ಓದುಗರೊಬ್ಬರು, ಧಾರವಾಡ)

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಒಂದೇ ಮಾತು: ‘ಎಲ್ಲರೂ ಸಂಪಾದಕರೇ’. ಪ್ರೀತಿಯಿಂದ ಹುಟ್ಟಿದ ಮಾತದು, ಬಲ್ಲೆ. ಆದರೆ ಇಪ್ಪತ್ತೈದು ವರ್ಷ ಸಣ್ಣ ಪತ್ರಿಕೆಗಳ ಒಳಗೇ ಬದುಕಿದ ಮೇಲೆ ಒಂದು ವಿಷಯ ನನಗೆ ಖಚಿತವಾಗಿದೆ. ಬರೆಹ ಸಿಗದೆ ಮುಚ್ಚಿದ ಗೆಳೆಯರ ಪತ್ರಿಕೆಯನ್ನು ನಾನು ಕಂಡಿಲ್ಲ. ಬಂದ ಬರೆಹಕ್ಕೆ ‘ಇದು ಬೇಡ’ ಎಂದು ಹೇಳುವವರು ಯಾರು, ಒಪ್ಪಿದ ಬರೆಹದ ಕರಡು ತಿದ್ದುವವರು ಯಾರು, ಚಿತ್ರ ಕಳಿಸುತ್ತೇನೆಂದು ಹೇಳಿ ಮರೆತವರಿಗೆ ಮೂರನೆಯ ಸಲ ಫೋನ್ ಮಾಡುವವರು ಯಾರು ಎಂಬುದು ಗೊತ್ತಾಗದೆ ಮುಚ್ಚಿದವು ಬಹಳ. ಎಲ್ಲರೂ ಸಂಪಾದಕರಾದ ಕಡೆ ಈ ಕೆಲಸಗಳು ಸುತ್ತಿ ಸುಳಿದು ಒಬ್ಬರ ತಲೆಯ ಮೇಲೆಯೇ ಬೀಳುತ್ತವೆ. ಹೆಚ್ಚಾಗಿ ಅವರು ಗುಂಪಿನಲ್ಲಿ ಎಲ್ಲರಿಗಿಂತ ಕಡಿಮೆ ಮಾತನಾಡುವವರು. ಒಂದೆರಡು ವರ್ಷ ದುಡಿದು ಅವರು ಸುಮ್ಮನಾದ ದಿನ ಪತ್ರಿಕೆಯೂ ಸುಮ್ಮನಾಗುತ್ತದೆ.

ನಿಮ್ಮ ಊರಿನ ಪತ್ರಿಕೆಗಳ ಚರಿತ್ರೆಯನ್ನೇ ನೋಡಿ. ಆಲೂರು ವೆಂಕಟರಾಯರು ಆರಂಭಿಸಿದ ‘ಜಯಕರ್ನಾಟಕ’ವನ್ನು ಮುಂದೆ ಬೇಂದ್ರೆಯವರ ಗೆಳೆಯರ ಗುಂಪಿನವರು ನಡೆಸಿದರು. ಕವಿತೆ ಬರೆದವರೇ ಅದನ್ನು ಅಚ್ಚಿಗೂ ಹೊಂದಿಸಿದ ಕಾಲ ಅದು. 1964ರಲ್ಲಿ ಚಂದ್ರಶೇಖರ ಪಾಟೀಲ (ಚಂಪಾ), ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಎಂಬ ಮೂವರು ಗೆಳೆಯರು ‘ಸಂಕ್ರಮಣ’ವನ್ನು ತಂದರು, ಮುಂದೆ ಅದು ದಶಕಗಳ ಕಾಲ ಚಂಪಾ ಅವರ ಹೆಗಲ ಮೇಲೆ ಸಾಗಿತು. ಅಂಥ ಹೆಗಲು ಇದ್ದದ್ದು ನಮ್ಮ ಭಾಗ್ಯ. ಎಲ್ಲ ಬಳಗಕ್ಕೂ ಚಂಪಾ ಸಿಗುವುದಿಲ್ಲ, ಸಿಗಲಿ ಎಂದು ಕಾಯುವುದೂ ಸರಿಯಲ್ಲ. ಸುಭಾಸ ರಸ್ತೆಯ ಅಟ್ಟದ ಮೇಲಿನ ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆ 1933ರಿಂದ ಇಂದಿನವರೆಗೆ ಬಾಳಿದ್ದಕ್ಕೆ ಅದನ್ನು ಕಟ್ಟಿದ ಜಿ.ಬಿ. ಜೋಶಿಯವರ ಹಟ ಒಂದು ಕಾರಣ. ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರಂಥ ಓದುಗ ಸಲಹೆಗಾರರಾಗಿ ಕೂತು ಹಸ್ತಪ್ರತಿಯನ್ನು ತೂಗಿ ನೋಡುತ್ತಿದ್ದದ್ದು ಇನ್ನೊಂದು. ಹಸ್ತಪ್ರತಿಗೂ ಅಚ್ಚಿಗೂ ನಡುವೆ ಕೂರುವ ಆ ಓದುಗರ ಸ್ಥಾನವನ್ನು ನಿಮ್ಮ ಯೋಜನೆ ಖಾಲಿ ಬಿಟ್ಟಿದೆ.

ಅದನ್ನು ತುಂಬಲು ಹೊರಗಿನಿಂದ ಯಾರನ್ನೂ ಕರೆಯಬೇಕಾಗಿಲ್ಲ. ನಮ್ಮ ಹೊಲಗಳ ಮುಯ್ಯಾಳು ಪದ್ಧತಿ ನಿಮಗೆ ಗೊತ್ತಿರುತ್ತದೆ. ಇವತ್ತು ನಿಮ್ಮ ಹೊಲದ ಕಳೆ ತೆಗೆಯಲು ನಾವು ಬಂದರೆ ನಾಳೆ ನಮ್ಮ ಹೊಲಕ್ಕೆ ನೀವು. ಕೂಲಿ ಇಲ್ಲ, ಲೆಕ್ಕವಿದೆ. ಆ ಲೆಕ್ಕವನ್ನು ಯಾರೂ ಮರೆಯುವುದಿಲ್ಲ. ಪತ್ರಿಕೆಗೂ ಇದೇ ನಿಯಮ ಇಟ್ಟುಕೊಳ್ಳಿ: ತಮ್ಮ ಒಂದು ಬರೆಹ ಅಥವಾ ಚಿತ್ರ ಪ್ರಕಟವಾಗಬೇಕೆಂದು ಬಯಸುವ ಸದಸ್ಯರು ಇನ್ನೊಬ್ಬರ ಒಂದು ಕೃತಿಯನ್ನು ಕೊನೆಯವರೆಗೆ ಹೊತ್ತು ತರಬೇಕು. ಕರಡು ತಿದ್ದುವುದು, ಅನುಮತಿ ಪತ್ರ ತರುವುದು, ಚಿತ್ರ ಸರಿಯಾದ ಅಳತೆಯಲ್ಲಿದೆಯೇ ನೋಡುವುದು, ಪ್ರಕಟವಾದ ಮೇಲೆ ಕೃತಿಕಾರರಿಗೆ ತಿಳಿಸುವುದು ಎಲ್ಲವೂ ಅದರಲ್ಲಿ ಸೇರುತ್ತದೆ. ಸಾಧ್ಯವಾದಷ್ಟು ಬೇರೆ ಕಲೆಯವರ ಕೃತಿಯನ್ನೇ ಕೊಡಿ. ಕವಿಯ ಕೈಗೆ ಚಿತ್ರಕಾರನ ಟಿಪ್ಪಣಿ ಕೊಟ್ಟು ನೋಡಿ. ‘ಈ ಕೆರೆಯೊಳಗೆ ನೀರು ಯಾಕೆ ಕಂದು ಬಣ್ಣದಲ್ಲಿದೆ?’ ಎಂದು ಕೇಳುತ್ತಾರೆ. ಕೆರೆ ತುಂಬುವ ಮೊದಲ ಮಳೆಯ ನೀರಿನ ಬಣ್ಣದ ಬಗ್ಗೆ ಚಿತ್ರಕಾರ ಹತ್ತು ಸಾಲು ಹೇಳುತ್ತಾನೆ. ಆ ಹತ್ತು ಸಾಲು ಟಿಪ್ಪಣಿಯಲ್ಲಿ ಇರಲೇ ಇಲ್ಲ. ನಿಮ್ಮ ರವಿವಾರದ ಮರದ ಕೆಳಗೆ ಆಗುತ್ತಿದ್ದದ್ದು ಇದೇ ಅಲ್ಲವೇ? ಬಳಗವನ್ನು ಪತ್ರಿಕೆಯಾಗಿ ಬದಲಿಸುವುದೆಂದರೆ ಆ ಮಾತುಕತೆಗೆ ಬೇರೊಂದು ಜಾಗ ಹುಡುಕುವುದು. ಪ್ರಕಟಣೆ ಅದರ ಕೊನೆಯ ಹೆಜ್ಜೆ, ಅಷ್ಟೆ.

ಒಬ್ಬರು ಹೊತ್ತ ಕೃತಿಯ ಬಗ್ಗೆ ತೀರ್ಮಾನ ಮಾತ್ರ ಬೇರೆಯವರದ್ದಾಗಿರಲಿ. ಪ್ರತಿ ಸಂಚಿಕೆಗೆ ಮೂವರ ಸಂಪಾದಕ ಮಂಡಳಿ ಮಾಡಿ. ಮುಂದಿನ ಸಂಚಿಕೆಗೆ ಇಬ್ಬರು ಇಳಿಯಲಿ, ಒಬ್ಬರು ಉಳಿಯಲಿ, ಇಬ್ಬರು ಹೊಸಬರು ಬರಲಿ. ಉಳಿದವರಿಂದ ಹೊಸಬರಿಗೆ ಕೆಲಸ ಗೊತ್ತಾಗುತ್ತದೆ. ತಾವು ಮಂಡಳಿಯಲ್ಲಿರುವ ಸಂಚಿಕೆಯಲ್ಲಿ ಆ ಮೂವರ ಕೃತಿ ಬರಬಾರದು. ಈ ಒಂದು ನಿಯಮವನ್ನು ಸಡಿಲಿಸಬೇಡಿ, ಎಷ್ಟೇ ಒಳ್ಳೆಯ ಕವಿತೆಯಿದ್ದರೂ ಮೂರು ತಿಂಗಳು ಕಾಯಲಿ. ಬಂದ ಕೃತಿಗೆ ಇಪ್ಪತ್ತೊಂದು ದಿನದೊಳಗೆ ಹೌದು ಅಥವಾ ಇಲ್ಲ ಎಂಬ ಉತ್ತರ ಹೋಗಬೇಕು. ಇಲ್ಲ ಎನ್ನುವಾಗ ಕಾರಣ ಎರಡು ಸಾಲಿನಲ್ಲಿರಲಿ. ಮೂವರ ಹೆಸರೂ ಕೆಳಗಿರಲಿ. ಧಾರವಾಡ ಸಣ್ಣ ಊರು. ಇವತ್ತು ಕತೆ ಬೇಡವೆಂದವರು ನಾಳೆ ಲೈನ್ ಬಜಾರಿನಲ್ಲಿ ಪೇಡೆ ಕೊಳ್ಳುವಾಗ ಎದುರು ಸಿಗುತ್ತಾರೆ. ಒಬ್ಬರೇ ಹೇಳಿದ ‘ಇಲ್ಲ’ ವೈಯಕ್ತಿಕವಾಗುತ್ತದೆ, ಮೂವರು ಹೇಳಿದ್ದು ಹಾಗಾಗುವುದಿಲ್ಲ. ಉತ್ತರವೇ ಕೊಡದಿರುವುದು ಎಲ್ಲಕ್ಕಿಂತ ಕೆಟ್ಟದ್ದು. ಹೊಸ ಹುಡುಗಿಯೊಬ್ಬಳು ತನ್ನ ಮೊದಲ ಕತೆ ಕಳಿಸಿ ಆರು ತಿಂಗಳು ಫೋನ್ ನೋಡುತ್ತಾ ಕೂರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವಳು ಮತ್ತೆ ಯಾರಿಗೂ ಕಳಿಸಲಿಲ್ಲ.

ಇನ್ನು ಹಳೆಯ ಬರೆಹ, ಚಿತ್ರಗಳ ವಿಷಯ. ಇಲ್ಲಿ ನಿಧಾನವಾಗಿ ಹೆಜ್ಜೆ ಇಡಿ. ‘ನಮ್ಮ ಬಳಗದ್ದೇ ತಾನೆ’ ಎಂಬ ಭಾವನೆ ಸಹಜ, ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕೃತಿಯ ಹಕ್ಕು ಅದನ್ನು ರಚಿಸಿದವರದ್ದು. ಬಳಗದ ಕೂಟದಲ್ಲಿ ಓದಿದ್ದರಿಂದ, ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ್ದರಿಂದ ಅದು ಬಳಗದ ಆಸ್ತಿಯಾಗುವುದಿಲ್ಲ. ಪ್ರತಿಯೊಬ್ಬರಿಂದ ಬರೆಹದಲ್ಲಿ ಅನುಮತಿ ತನ್ನಿ. ಅನುಮತಿ ಪತ್ರದಲ್ಲಿ ಎರಡು ಸಂಗತಿ ಮರೆಯಬೇಡಿ. ಅವಧಿ ನಮೂದಿಸದಿದ್ದರೆ ಕಾನೂನು ಅದನ್ನು ಐದು ವರ್ಷವೆಂದು ಎಣಿಸುತ್ತದೆ. ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದು ಎಣಿಸುತ್ತದೆ. ನಿಮ್ಮ ಪತ್ರಿಕೆಯನ್ನು ಅಮೆರಿಕದಲ್ಲಿರುವ ಸದಸ್ಯರ ಮಗನೂ ಓದುತ್ತಾನೆ; ಆದ್ದರಿಂದ ‘ಜಗತ್ತಿನಾದ್ಯಂತ, ಪತ್ರಿಕೆಯ ಸಂಗ್ರಹ ಇರುವವರೆಗೆ’ ಎಂದು ಸ್ಪಷ್ಟವಾಗಿ ಬರೆಯಿರಿ. ಕೇಳಬೇಕಾದದ್ದು ಪ್ರಕಟಿಸುವ ಅನುಮತಿಯನ್ನಷ್ಟೇ. ಹಕ್ಕು ಅವರಲ್ಲೇ ಉಳಿಯಲಿ, ನಾಳೆ ಅವರು ತಮ್ಮ ಸಂಕಲನ ತರುವಾಗ ನಿಮ್ಮನ್ನು ಕೇಳುವ ಪ್ರಮೇಯ ಬರಬಾರದು. ಕೃತಿಕಾರರ ಹೆಸರು ಹಾಕುವುದು, ಅವರ ಒಪ್ಪಿಗೆಯಿಲ್ಲದೆ ಕೃತಿಯನ್ನು ವಿರೂಪಗೊಳಿಸದಿರುವುದು ಕಾಯ್ದೆಯ 57ನೆಯ ಕಲಮಿನಲ್ಲೇ ಇದೆ. ಅಂದರೆ ಕವಿತೆಯ ಒಂದು ಸಾಲು ತಿದ್ದಿದರೂ ಕವಿಗೆ ತೋರಿಸಿಯೇ ಹಾಕಬೇಕು.

ಅರವತ್ತು ಜನರಲ್ಲಿ ತೀರಿಕೊಂಡವರೂ ಇರಬಹುದು. ಕೃತಿಸ್ವಾಮ್ಯ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ, ಅದು ಮನೆಯವರಿಗೆ ಹೋಗಿರುತ್ತದೆ. ಫೋನಿನಲ್ಲಿ ಕೇಳಬೇಡಿ, ಮನೆಗೆ ಹೋಗಿ ಕೂತು ಕೇಳಿ. ಎಷ್ಟೋ ಸಲ ಅವರ ಕಪಾಟಿನಿಂದ ನೀವು ನೋಡದ ಇನ್ನೊಂದು ಚಿತ್ರವೂ ಹೊರಬರುತ್ತದೆ. ಇದೇ ಲೆಕ್ಕ ದೊಡ್ಡವರಿಗೂ ಅನ್ವಯಿಸುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. 2041ರ ಕೊನೆಯವರೆಗೆ ಅವರ ಕವಿತೆಯನ್ನು ಪೂರ್ತಿಯಾಗಿ ಹಾಕಲು ಅನುಮತಿ ಬೇಕು. ಶಿಶುನಾಳ ಶರೀಫರ ತತ್ವಪದಗಳಿಗೆ ಆ ತೊಡಕಿಲ್ಲ, ಅವರು ತೀರಿಕೊಂಡದ್ದು 1889ರಲ್ಲಿ. ಆದರೆ ಆ ಪದವನ್ನು ಕಳೆದ ವರ್ಷ ಹಾಡಿದವರ ಧ್ವನಿಮುದ್ರಣಕ್ಕೆ ಹಾಡಿದವರ ಒಪ್ಪಿಗೆ ಬೇಕು. ಕಲಾವಿದರ ಪ್ರದರ್ಶನದ ಹಕ್ಕು 50 ವರ್ಷ. ಇನ್ನೊಂದು: ಚಿತ್ರವನ್ನು ಮಾರಿದ ಮಾತ್ರಕ್ಕೆ ಅದನ್ನು ಪ್ರಕಟಿಸುವ ಹಕ್ಕು ಕೊಂಡವರಿಗೆ ಹೋಗುವುದಿಲ್ಲ. ಕ್ಯಾನ್ವಾಸು ಅವರ ಗೋಡೆಯ ಮೇಲಿದ್ದರೂ ನೀವು ಕೇಳಬೇಕಾದದ್ದು ಚಿತ್ರಕಾರರನ್ನೇ.

ಅನುಮತಿಯಾಯಿತು ಎನ್ನಿ. ಈಗ ಹಳೆಯ ಕಡತಗಳನ್ನು ತೆರೆಯುತ್ತೀರಿ, ಅಲ್ಲಿ ನಿಮಗೆ ಎದುರಾಗುವ ಕಷ್ಟ ಕನ್ನಡದವರಿಗೆ ಚೆನ್ನಾಗಿ ಪರಿಚಿತವಾದದ್ದು. 2011ರ ಹೊತ್ತಿಗೆ ಊರಿನ ಡಿಟಿಪಿ ಅಂಗಡಿಗಳಲ್ಲಿ ಬೆರಳಚ್ಚಾಗುತ್ತಿದ್ದದ್ದು ಬಹುಪಾಲು ‘ನುಡಿ’, ‘ಬರಹ’, ‘ಶ್ರೀಲಿಪಿ’ ಎಂಬ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ. ಅವು ಯೂನಿಕೋಡ್ ಅಲ್ಲ, ಎಂದರೆ ಎಲ್ಲ ಸಾಧನಗಳೂ ಒಂದೇ ರೀತಿ ಓದುವ ಸಂಕೇತದಲ್ಲಿಲ್ಲ. ಕಡತ ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ ಕಾಣುತ್ತದೆ. ಪರಿವರ್ತಕ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ, ಆದರೆ ಅವುಗಳಿಂದ ಹೊರಬಂದ ಪಠ್ಯವನ್ನು ನಂಬಬೇಡಿ. ಅರ್ಕಾವತ್ತು ಜಾಗ ತಪ್ಪಿರುತ್ತದೆ: ‘ಧರ್ಮ’ ಎಂಬುದು ‘ಧಮರ್’ ಆಗಿರುತ್ತದೆ. ಅಂಕಿ ಬೆರೆತ ಕಡೆ, ಒತ್ತಕ್ಷರ ಇರುವ ಕಡೆ ಕಣ್ಣಿಡಿ. ಮೊಬೈಲಿನಲ್ಲಿ ಬರೆದು ಕಳಿಸಿದವರದ್ದು ಬೇರೆ ಅಭ್ಯಾಸ. ಅರ್ಕಾವತ್ತಿನ ಬದಲು ಒಂಬತ್ತರ ಅಂಕಿ ಒತ್ತಿ ‘ಕನಾ೯ಟಕ’ ಎಂದು ಬರೆದಿರುತ್ತಾರೆ. ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ಆದರೆ ಯಾರಾದರೂ ‘ಕರ್ನಾಟಕ’ ಎಂದು ಹುಡುಕಿದರೆ ಆ ಬರೆಹ ಸಿಗುವುದೇ ಇಲ್ಲ, ಕಣ್ಣು ಕಾಣದವರು ಬಳಸುವ ಓದುಯಂತ್ರವೂ ಅಲ್ಲಿ ‘ಒಂಬತ್ತು’ ಎಂದು ಓದುತ್ತದೆ. ಪತ್ರಿಕೆ ಹೊರಡುವ ಮುನ್ನ ಇಡೀ ಸಂಚಿಕೆಯಲ್ಲಿ ‘೯’ ಎಲ್ಲೆಲ್ಲಿದೆ ಎಂದು ಒಮ್ಮೆ ಹುಡುಕುವ ಅಭ್ಯಾಸ ಮಾಡಿಕೊಳ್ಳಿ.

ಇದೇ ಕಾರಣಕ್ಕೆ ಹೂವಿನ ಹಿನ್ನೆಲೆಯ ಮೇಲೆ ಕವಿತೆ ಬರೆದು ಚಿತ್ರವಾಗಿ ಹಾಕುವ ಪದ್ಧತಿಯನ್ನು ಮೊದಲ ದಿನವೇ ಬಿಟ್ಟುಬಿಡಿ. ಕವಿತೆ ಪಠ್ಯವಾಗಿಯೇ ಇರಲಿ. ಸಾಲು ಉದ್ದವಿದ್ದು ಮೊಬೈಲಿನ ಪರದೆಯಲ್ಲಿ ಮುರಿದರೆ, ಮುರಿದು ಬಂದ ಭಾಗ ಸ್ವಲ್ಪ ಒಳಗೆ ಸರಿದು ನಿಲ್ಲುವಂತೆ ವಿನ್ಯಾಸ ಮಾಡಿಸಿ. ಆಗ ಕವಿ ಎಲ್ಲಿ ಸಾಲು ಮುರಿದಿದ್ದಾರೆ, ಪರದೆ ಎಲ್ಲಿ ಮುರಿದಿದೆ ಎಂಬುದು ಓದುಗರಿಗೆ ತಿಳಿಯುತ್ತದೆ. ಅದನ್ನು ಕಂಪ್ಯೂಟರಿನಲ್ಲಿ ನೋಡಿ ಒಪ್ಪಬೇಡಿ. ಚಿಗರಿ ಬಸ್ಸಿನಲ್ಲಿ ಧಾರವಾಡದಿಂದ ಹುಬ್ಬಳ್ಳಿಗೆ ಹೋಗುತ್ತಾ ಮೊಬೈಲಿನಲ್ಲಿ ಓದಿ ಒಪ್ಪಿ. ನಿಮ್ಮ ಓದುಗರು ಓದುವುದು ಹಾಗೆಯೇ.

ಚಿತ್ರಗಳ ಬಗ್ಗೆ ನನಗೆ ಹೆಚ್ಚಿನ ಕಳವಳವಿದೆ, ಏಕೆಂದರೆ ಕಲೆಯ ಪತ್ರಿಕೆಗಳು ಹೆಚ್ಚಾಗಿ ಅನ್ಯಾಯ ಮಾಡುವುದು ಚಿತ್ರಕಾರರಿಗೆ. ಒಮ್ಮೆ ಹಿರಿಯ ಕಲಾವಿದರೊಬ್ಬರ ಜಲವರ್ಣದ ಛಾಯಾಚಿತ್ರ ನಮಗೆ ಬಂದಿತ್ತು. ಗಾಜಿನ ಚೌಕಟ್ಟಿನ ಮೇಲೆ ಸೀಲಿಂಗ್ ಫ್ಯಾನಿನ ಮೂರು ರೆಕ್ಕೆಗಳು ಸ್ಪಷ್ಟವಾಗಿ ಬಿದ್ದಿದ್ದವು. ಅವರು ಮೂರು ವಾರ ಕೂತು ಮಾಡಿದ ಆಕಾಶದ ಮೇಲೆ. ಚೌಕಟ್ಟಿನಿಂದ ಹೊರತೆಗೆದು, ಬೆಳಿಗ್ಗೆ ನೆರಳಿನಲ್ಲಿ, ನೇರ ಬಿಸಿಲು ಬೀಳದ ಗೋಡೆಗೆ ಒರಗಿಸಿ, ಕ್ಯಾಮೆರಾವನ್ನು ಚಿತ್ರಕ್ಕೆ ಸಮಾನಾಂತರವಾಗಿ ಹಿಡಿದು ತೆಗೆದರೆ ಸಾಮಾನ್ಯ ಮೊಬೈಲಿನಲ್ಲೂ ಒಳ್ಳೆಯ ಫಲ ಸಿಗುತ್ತದೆ. ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಟ್ಟು ತೆಗೆಯಿರಿ, ಬಣ್ಣ ಸರಿಪಡಿಸುವಾಗ ಅದೇ ಅಳತೆಗೋಲು. ಚಿತ್ರದ ಕೆಳಗೆ ಮಾಧ್ಯಮ, ಅಳತೆ, ವರ್ಷ ಮೂರೂ ಇರಲಿ. ಅಂಗೈಯಗಲದ ರೇಖಾಚಿತ್ರವೂ ಆರಡಿಯ ತೈಲಚಿತ್ರವೂ ಪರದೆಯಲ್ಲಿ ಒಂದೇ ಗಾತ್ರ ಕಾಣುತ್ತವೆ. ಅಳತೆ ಬರೆಯದಿದ್ದರೆ ಓದುಗರಿಗೆ ಅರ್ಧ ಚಿತ್ರ ಮಾತ್ರ ತಲುಪುತ್ತದೆ.

‘ಬರೆಯುವವರೇ ನಡೆಸುವ ಪತ್ರಿಕೆ’ ಎಂದು ನೀವು ಬರೆದಿದ್ದೀರಿ. ಬರೆಯದವರನ್ನು ಏನು ಮಾಡುತ್ತೀರಿ? ಹಾವೇರಿ, ಗದಗ ಕಡೆಯ ದೊಡ್ಡಾಟದ ಕಲಾವಿದರು, ಕೌದಿ ಹೊಲಿಯುವ ಹೆಂಗಸರು, ಸೋಬಾನೆ ಹಾಡುವವರು ಲೇಖನ ಕಳಿಸುವುದಿಲ್ಲ. ಶಿಗ್ಗಾವಿ ಬಳಿಯ ಗೊಟಗೋಡಿಯಲ್ಲಿ ಟಿ.ಬಿ. ಸೊಲಬಕ್ಕನವರ ಕಟ್ಟಿದ ಶಿಲ್ಪಗಳ ಉದ್ಯಾನಕ್ಕೆ ಹೋದವರಿಗೆ ಗೊತ್ತು, ಹಳ್ಳಿಯ ದಿನನಿತ್ಯದ ಕೆಲಸ ಎಷ್ಟು ದೊಡ್ಡ ಕಲೆಯ ವಸ್ತುವಾಗಬಲ್ಲದು ಎಂದು. ಇಲ್ಲಿಯೂ ಮುಯ್ಯಾಳೇ ದಾರಿ. ಸದಸ್ಯರೊಬ್ಬರು ಹೋಗಿ ಕೂತು, ಕೇಳಿ, ಬರೆದುಕೊಂಡು, ಮರಳಿ ಹೋಗಿ ಓದಿ ಹೇಳಿ, ‘ಹೌದು, ನಾನು ಹೇಳಿದ್ದು ಹೀಗೆಯೇ’ ಎಂದ ಮೇಲೆ ಹಾಕಬೇಕು. ಹೆಸರು ಹಾಕುವಾಗ ಕಲಾವಿದರ ಹೆಸರು ಮೇಲೆ, ಬರೆದುಕೊಂಡವರದ್ದು ಕೆಳಗೆ. ಸೌಲಭ್ಯ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹಾವೇರಿ ಬಳಿಯ ಅಗಡಿಯ ಆನಂದವನದಿಂದ ಕಾದಂಬರಿಕಾರ ಗಳಗನಾಥರು ‘ಸದ್ಬೋಧ ಚಂದ್ರಿಕೆ’ ಪತ್ರಿಕೆಯನ್ನು ನಡೆಸಿದರು, ಪುಸ್ತಕಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ನಿಮ್ಮ ಜೇಬಿನಲ್ಲಿ ಧ್ವನಿಮುದ್ರಕವೂ ಕ್ಯಾಮೆರಾವೂ ಇವೆ.

ಜಾಲವಿಳಾಸ ಯಾರ ಹೆಸರಿನಲ್ಲಿದೆ ಎಂಬುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಾನು ಕೆಲಸ ಮಾಡಿದ ಒಂದು ಜಾಲಪತ್ರಿಕೆಯ ವಿಳಾಸ ಗೆಳೆಯರೊಬ್ಬರ ಸ್ವಂತ ಇಮೇಲಿನಲ್ಲಿ ನೋಂದಣಿಯಾಗಿತ್ತು. ಅವರು ಪರದೇಶಕ್ಕೆ ಹೋದರು, ಫೋನ್ ಸಂಖ್ಯೆ ಬದಲಾಯಿತು, ನವೀಕರಣದ ಸೂಚನೆಗಳು ಅವರು ತೆರೆಯದ ಅಂಚೆಪೆಟ್ಟಿಗೆಗೆ ಹೋಗಿ ಬಿದ್ದವು. ಅವಧಿ ಮುಗಿದು ವಿಳಾಸ ಬೇರೆಯವರ ಪಾಲಾಯಿತು, ನಾಲ್ಕು ವರ್ಷದ ಬರೆಹಗಳು ಕಣ್ಣಿನಿಂದ ಮರೆಯಾದವು. ಯಾರದ್ದೂ ದುರುದ್ದೇಶವಿರಲಿಲ್ಲ, ಅದಕ್ಕೇ ಇನ್ನೂ ನೋವು. ಜಾಲಪುಟಗಳ ಹಳೆಯ ಪ್ರತಿಗಳನ್ನು ಉಳಿಸಿಡುವ, ಇಂಟರ್ನೆಟ್ ಆರ್ಕೈವ್ ಸಂಸ್ಥೆಯ ವೇಬ್ಯಾಕ್ ಮಷೀನಿನಲ್ಲಿ ಕೆಲವು ಪುಟಗಳು ಸಿಕ್ಕವು, ಕೆಲವನ್ನು ಹಳೆಯ ಇಮೇಲುಗಳಿಂದ ಹೆಕ್ಕಿದೆವು, ಉಳಿದವು ಹೋದವು. ಪತ್ರಿಕೆಯದ್ದೇ ಆದ ಇಮೇಲ್ ಮಾಡಿ, ಅದರ ಗುಪ್ತಪದ ಮೂವರಲ್ಲಿರಲಿ, ವಿಳಾಸಕ್ಕೆ ಹಲವು ವರ್ಷದ ಶುಲ್ಕ ಒಮ್ಮೆಗೇ ಕಟ್ಟಿ. ಪ್ರತಿ ಸಂಚಿಕೆ ಹೊರಬಂದ ದಿನವೇ ಅದರ ಪುಟಗಳನ್ನು ವೇಬ್ಯಾಕ್ ಮಷೀನಿನಲ್ಲಿ ಉಳಿಸಿ, ಅದು ಉಚಿತ. ಮೂಲ ಕಡತಗಳ ಒಂದು ಪ್ರತಿ ಯಾರಾದರೊಬ್ಬರ ಮನೆಯ ಹಾರ್ಡ್ ಡಿಸ್ಕಿನಲ್ಲಿರಲಿ.

ನೋಂದಣಿಯ ವಿಷಯವನ್ನು ಬೇಗ ಮುಗಿಸುತ್ತೇನೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನರಿದ್ದರೆ ಸಂಘ ನೋಂದಾಯಿಸಬಹುದು, ನೀವು ಹನ್ನೊಂದು ಜನ ಇದ್ದೀರಿ. ಆದರೆ ಪ್ರತಿವರ್ಷ ಪದಾಧಿಕಾರಿಗಳ ಪಟ್ಟಿ, ಜಮಾಖರ್ಚು ಸಲ್ಲಿಸುತ್ತಲೇ ಇರಬೇಕಾಗುತ್ತದೆ. ಮೊದಲ ವರ್ಷ ಬೇಡ. ಅನುದಾನ ಪಡೆಯುವ ಅಥವಾ ಸಂಘದ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯುವ ಅಗತ್ಯ ಬಂದಾಗ ಮಾಡಿ. ಮುಂದೆ ಮುದ್ರಿತ ನಿಯತಕಾಲಿಕವನ್ನೂ ತರುವುದಾದರೆ 2024ರ ಮಾರ್ಚ್ 1ರಿಂದ ಜಾರಿಗೆ ಬಂದಿರುವ ಹೊಸ ನಿಯತಕಾಲಿಕಗಳ ನೋಂದಣಿ ಕಾಯ್ದೆಯಂತೆ ನಡೆಯಬೇಕು. ನಿಯತಕಾಲಿಕಗಳನ್ನು ಗುರುತಿಸುವ ಎಂಟು ಅಂಕಿಯ ಐಎಸ್‌ಎಸ್‌ಎನ್ ಸಂಖ್ಯೆ ಭಾರತದಲ್ಲಿ ಉಚಿತವಾಗಿ ಸಿಗುತ್ತದೆ. ಯಾರಾದರೂ ಅದಕ್ಕೆ ಹಣ ಕೇಳಿದರೆ ಕೊಡಬೇಡಿ. ಖರ್ಚಿಗೆ ಹನ್ನೊಂದು ಜನ ತಿಂಗಳಿಗೆ ನೂರು ರೂಪಾಯಿ ಹಾಕಿದರೆ ವರ್ಷಕ್ಕೆ 13,200 ಆಗುತ್ತದೆ. ಸಣ್ಣ ಜಾಲಪತ್ರಿಕೆಯ ಖರ್ಚು ಕಳೆದು ಸ್ವಲ್ಪ ಉಳಿಯುತ್ತದೆ. ಆ ಉಳಿದದ್ದರಲ್ಲಿ ಸದಸ್ಯರಲ್ಲದ ಕಲಾವಿದರಿಗೆ, ಅದರಲ್ಲೂ ಹಳ್ಳಿಯಿಂದ ಬಂದವರಿಗೆ, ಚಿಕ್ಕದಾದರೂ ಗೌರವಧನ ಕೊಡಿ. ಲೆಕ್ಕವನ್ನು ಪ್ರತಿ ಸಂಚಿಕೆಯ ಜೊತೆ ಎಲ್ಲರ ಮುಂದಿಡಿ.

ಮಾಸಪತ್ರಿಕೆ ಮಾಡುವ ಉತ್ಸಾಹ ನಿಮ್ಮಲ್ಲಿ ಕೆಲವರಿಗೆ ಇದ್ದೇ ಇರುತ್ತದೆ. ತ್ರೈಮಾಸಿಕವಾಗಿ ಆರಂಭಿಸಿ, ಸಂಚಿಕೆಗೆ ಎಂಟು ಕೃತಿ ಸಾಕು. ಮುಯ್ಯಾಳಿನ ಲೆಕ್ಕದಲ್ಲಿ ಎಂಟು ಕೃತಿ ಎಂದರೆ ಎಂಟು ಜನರ ಕೆಲಸ. ಅದರ ಮೇಲೆ ಮೂವರ ಮಂಡಳಿ. ಹನ್ನೊಂದು ಸರಿಯಾಗಿ ಕೂಡಿತು, ನೋಡಿ. ಎರಡು ಸಂಚಿಕೆಗಾಗುವಷ್ಟು ಸಿದ್ಧ ಕೃತಿಗಳು ಕೈಗೆ ಬರುವವರೆಗೆ ಮೊದಲನೆಯದನ್ನು ಬಿಡುಗಡೆ ಮಾಡಬೇಡಿ. ಉಳಿದ ನಲವತ್ತೊಂಬತ್ತು ಜನರಿಗೆ ‘ಲೇಖನ ಕಳಿಸಿ’ ಎಂಬ ಸಾಮೂಹಿಕ ಸಂದೇಶ ಹಾಕಿದರೆ ಅದು ಶುಭೋದಯದ ಚಿತ್ರಗಳ ನಡುವೆ ಕಳೆದುಹೋಗುತ್ತದೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಕರೆ ಮಾಡಿ, ಅವರ ಯಾವ ಕವಿತೆ, ಯಾವ ಚಿತ್ರ ನಿಮಗೆ ಇನ್ನೂ ನೆನಪಿದೆ ಎಂದು ಹೇಳಿ ಕೇಳಿ.

ಅದು ಹೇಗೆ ನೆನಪಿರುತ್ತದೆ ಎಂದರೆ, ನಿಮ್ಮಲ್ಲಿ ಆ ವಹಿ ಇದೆ. ಪತ್ರದಲ್ಲಿ ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ, ನನಗೆ ಮಾತ್ರ ನಿಮ್ಮ ಬಳಗದ ದೊಡ್ಡ ಆಸ್ತಿ ಅದೇ ಎಂದು ತೋರುತ್ತದೆ. ಯಾವ ರವಿವಾರ ಯಾರು ಏನು ತೋರಿಸಿದರು ಎಂಬ ದಾಖಲೆ ಇಟ್ಟ ಬಳಗಗಳು ಬಹಳ ಕಡಿಮೆ. ಅದು ಈಗ ಯಾರ ಮನೆಯಲ್ಲಿದೆ ಎಂದು ವಿಚಾರಿಸಿ. ಬಾಲ್‌ಪೆನ್ನಿನ ಮಸಿ ಮಾಸುತ್ತದೆ, ಮಳೆಗಾಲದಲ್ಲಿ ಹಾಳೆ ಅಂಟಿಕೊಳ್ಳುತ್ತದೆ. ಈ ವಾರವೇ ಒಂದೊಂದು ಪುಟವನ್ನೂ ಬೆಳಕಿನಲ್ಲಿಟ್ಟು ಫೋಟೋ ತೆಗೆಯಿರಿ, ಹನ್ನೊಂದು ಜನರಿಗೂ ಒಂದೊಂದು ಪ್ರತಿ ಕಳಿಸಿ. ಕರೆ ಮಾಡಬೇಕಾದವರ ಪಟ್ಟಿ ಅದರಲ್ಲೇ ಇದೆ.